ಫಾರ್ವರ್ಡ್ ಮಾಡೋ ಮುಂಚೆ ಕೇಳಿ

ಮಾನ್ಯ ಸಂಪಾದಕರೇ,

ಸೋಶಿಯಲ್ ಮೀಡಿಯಾದಿಂದ ಒಳ್ಳೇದಾ ಕೆಟ್ಟದ್ದಾ ಅನ್ನೋರು 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆಗಿದ್ದನ್ನ ಮರೀಬಾರ್ದು. ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರು ದಾರೀಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ರು, ಅಷ್ಟೇ, ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿ, ಕಾರು ಮುಂದಿನ ಊರು ಮುಟ್ಟೋದ್ರೊಳಗೆ ಜನ ರಸ್ತೆಗೆ ಅಡ್ಡ ಹಾಕಿ ಕಾಯ್ತಿದ್ರು, ಒಬ್ಬ ಇಂಜಿನಿಯರ್ ಪ್ರಾಣಾನೇ ಹೋಯ್ತು. ಅದೇ ತಿಂಗಳು, ಒಂದು ಮೆಸೇಜನ್ನ ಒಂದ್ಸಲಕ್ಕೆ 5 ಚಾಟ್‌ಗಷ್ಟೇ ಫಾರ್ವರ್ಡ್ ಮಾಡೋ ಹಾಗೆ ಮಿತಿ ಹಾಕ್ತೀವಿ ಅಂದ್ರು ವಾಟ್ಸಾಪ್ ಕಂಪನಿಯೋರು. ಆಗಸ್ಟಲ್ಲಿ ಕೊಡಗಿನ ಗುಡ್ಡ ಕುಸಿದಾಗ ಎಲ್ಲಿ ಅಕ್ಕಿ ಬೇಕು ಎಲ್ಲಿ ಕಂಬಳಿ ಬೇಕು ಅಂತ ತಿಳಿಸಿದ್ದೂ ಇದೇ ವಾಟ್ಸಾಪ್, ಒಪ್ತೀನಿ. ಆದ್ರೂ ಹೋದ ಜೀವ ವಾಪಸ್ ಬರಲ್ಲ, ನನ್ನ ಲೆಕ್ಕದಲ್ಲಿ ಹಾನೀನೇ ಜಾಸ್ತಿ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ, ಊರು, ತಾರೀಖು ಏನೂ ಇಲ್ಲದ ವಾಯ್ಸ್ ಮೆಸೇಜ್ ನಮ್ಮ ಫ್ಯಾಮಿಲಿ ಗ್ರೂಪಿಗೆ ಈಗ್ಲೂ ಬರುತ್ತೆ. ದಯವಿಟ್ಟು ಪೊಲೀಸ್ ಠಾಣೆಗೆ ಫೋನ್ ಮಾಡಿ ಕೇಳಿ, ಆಮೇಲೆ ಬೇಕಾದ್ರೆ ಕಳ್ಸಿ.

ಓದುಗ, ಕಲಬುರಗಿ