ಉಪ್ಪು ನೀರಿಗೆ ಬಣ್ಣ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ಹೊಸ ಬಟ್ಟೆ ಬಣ್ಣ ಬಿಡಬಾರದು ಅಂದರೆ ಉಪ್ಪು ನೀರಲ್ಲಿ ನೆನೆಸಿ ಅನ್ನುವ ಮಾತು ನಮ್ಮ ಮೈಸೂರಿನ ಮನೆಮನೆಯಲ್ಲೂ ಇದೆ, ಸೀರೆ ಅಂಗಡಿಯವರೂ ಅದನ್ನೇ ಹೇಳಿ ಕಳಿಸುತ್ತಾರೆ. ದಸರಾಕ್ಕೆ ಕೊಂಡ ಕೆಂಪು ಹತ್ತಿ ಸೀರೆಯನ್ನು ನಾನೂ ರಾತ್ರಿಯಿಡೀ ನೆನೆಸಿಟ್ಟೆ. ಮೊದಲ ಒಗೆತಕ್ಕೇ ಬಕೆಟ್ ನೀರು ಕುಂಕುಮ ಕಲಸಿದ ಹಾಗಾಯಿತು, ಯಜಮಾನರ ಬಿಳಿ ಪಂಚೆಗೂ ಕಲೆ. ಅಂಗಡಿಯಲ್ಲಿ ಕೇಳಿದರೆ, ‘ಉಪ್ಪು ಸಾಲದಾಗಿರಬೇಕು ಕಣಮ್ಮ’ ಅಂದರು. ಇದು ತಪ್ಪು.

ಉಪ್ಪಿಗೆ ಕೆಲಸವಿರುವುದು ಬಣ್ಣ ಹಾಕುವ ಹೊತ್ತಿನಲ್ಲಿ. ನೀರಿನಲ್ಲಿ ಹತ್ತಿ ಎಳೆಗೂ ಬಣ್ಣಕ್ಕೂ ಋಣ ವಿದ್ಯುತ್ತೇ ಇರುವುದರಿಂದ ಒಂದನ್ನೊಂದು ತಳ್ಳುತ್ತವೆ, ಉಪ್ಪು ಆ ತಳ್ಳಾಟ ತಗ್ಗಿಸಿ ಬಣ್ಣವನ್ನು ಎಳೆಯ ಹತ್ತಿರ ಬರಗೊಡುತ್ತದೆ, ಅಷ್ಟೇ. ಕಟ್ಟಿ ಹಾಕುವುದಿಲ್ಲ. ಅಗ್ಗದ ಡೈರೆಕ್ಟ್ ಬಣ್ಣ ಸುಮ್ನೆ ಅಂಟಿಕೊಂಡಿರುತ್ತದೆ, ಒಗೆದಾಗ ಬಿಡುತ್ತದೆ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣ ಹಾಗಲ್ಲ, ವಾಷಿಂಗ್ ಸೋಡಾ ಬಿದ್ದ ಮೇಲೆ ಎಳೆಯ ಜೊತೆಗೇ ಬೆಸೆದುಕೊಳ್ಳುತ್ತದೆ. ಆದರೆ ಬೆಸೆಯದೆ ಉಳಿದದ್ದನ್ನು ಬಣ್ಣ ಹಾಕಿದವರು ಬಿಸಿ ನೀರಲ್ಲಿ ಚೆನ್ನಾಗಿ ತೊಳೆದು ತೆಗೆಯಬೇಕು. ಆ ತೊಳೆತ ತಪ್ಪಿಸಿದವರ ಬಟ್ಟೆ ನಮ್ಮ ಬಕೆಟ್ಟಿನಲ್ಲಿ ಬಣ್ಣ ಬಿಡುತ್ತದೆ, ಅಲ್ವಾ?

ರೇಷ್ಮೆಯ ಕತೆ ಬೇರೆ. ಅದು ಹುಳುವಿನ ಪ್ರೋಟೀನು, ನಮ್ಮ ಕೂದಲಿನ ಹಾಗೆ. ವಿನೆಗರಿನಂಥ ಹುಳಿ ಸೇರಿದರೆ ರೇಷ್ಮೆ ಎಳೆಗೆ ಧನ ವಿದ್ಯುತ್ ಬಂದು ಆಸಿಡ್ ಬಣ್ಣ ಅನ್ನುವ ಬಗೆಯ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಅದೇ ವಿನೆಗರ್ ಹತ್ತಿ ಸೀರೆಯ ಬಣ್ಣ ನಿಲ್ಲಿಸುವುದಿಲ್ಲ. ಪಾಲಿಯೆಸ್ಟರಿಗೆ ಈ ಬಣ್ಣಗಳು ಹತ್ತುವುದೇ ಇಲ್ಲ, ಡಿಸ್ಪರ್ಸ್ ಅನ್ನುವ ಬೇರೆ ಬಗೆಯ ಬಣ್ಣವನ್ನು ಒತ್ತಡದಲ್ಲಿ, ಸುಮಾರು 130 ಡಿಗ್ರಿ ಬಿಸಿಯಲ್ಲಿ ಎಳೆಯೊಳಕ್ಕೆ ಇಳಿಸಬೇಕು. ಮಗಳ ಬಿಳಿ ಹತ್ತಿ ಕುರ್ತಾಗೆ ಮನೆಯಲ್ಲೇ ಕಡು ಹಸಿರು ಹಾಕಿದ್ದೆವು. ಬಟ್ಟೆಗೆ ಚೆನ್ನಾಗಿ ಹತ್ತಿತು, ಹೊಲಿಗೆ ಮಾತ್ರ ಅಕ್ಕಿಕಾಳು ಸಾಲಾಗಿ ಇಟ್ಟ ಹಾಗೆ ಬೆಳ್ಳಗೇ ಉಳಿಯಿತು. ದಾರ ಪಾಲಿಯೆಸ್ಟರಿನದು!

ಅನುಮಾನ ಇದ್ದರೆ ಸೆರಗಿನ ತುದಿಯಿಂದ ಒಂದೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದದ ವಾಸನೆ ಬಂದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟು: ನೂಲು ಯಾವುದು, ಬಣ್ಣ ಯಾವ ಬಗೆಯದು ಎಂದು ಬಿಲ್ಲಿನ ಮೇಲೆ ಬರೆದುಕೊಡಿ. ಬಣ್ಣ ಬಿಟ್ಟರೆ ಉಪ್ಪಿನ ಮಾತು ಬಿಟ್ಟು ಸೀರೆ ವಾಪಸ್ ತೆಗೆದುಕೊಳ್ಳಿ.

– ಒಬ್ಬ ಗೃಹಿಣಿ, ಕುವೆಂಪುನಗರ, ಮೈಸೂರು