ಕಪ್ಪೆಯಾದ ಕತೆ: ಗೆಳೆಯನಿಗೊಂದು ಪತ್ರ

ಉಡುಪಿ, ಆಟಿ ತಿಂಗಳ ಒಂದು ಭಾನುವಾರ

ಮಾರಾಯಾ,

ಮೊನ್ನೆ ಫೋನಿನಲ್ಲಿ "ಕೈ ಮೇಲೆ ನಿಲ್ಲುವುದು ಎಲ್ಲಿಗೆ ಬಂತು?" ಎಂದು ಕೇಳಿ ನಕ್ಕೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಕೈ ಮೇಲೆ ಇನ್ನೂ ನಿಂತಿಲ್ಲ. ಆದರೆ ಕಪ್ಪೆಯಾಗಿದ್ದೇನೆ.

ಫ್ರಾಗ್ ಸ್ಟ್ಯಾಂಡ್ ಅಂತ ಹೆಸರು. ಕುಕ್ಕರಗಾಲಲ್ಲಿ ಕೂತು ಅಂಗೈ ನೆಲಕ್ಕೆ ಊರಬೇಕು. ಮೊಣಕೈ ಸ್ವಲ್ಪ ಮಡಚಿ, ಮೊಣಕಾಲನ್ನು ತೋಳಿಗೆ ಆನಿಸಿ ಪಾದ ಎತ್ತಬೇಕು. ಯೋಗದವರ ಕಾಕಾಸನ ಹೆಚ್ಚುಕಡಿಮೆ ಇದೇ. ಹೇಳಿದರೆ ಎಷ್ಟು ಸುಲಭ, ಅಲ್ವಾ?

ಮೊದಲ ಎರಡು ವಾರ ನಾನು ಸುಮ್ನೆ ಕುಪ್ಪಳಿಸುತ್ತಿದ್ದೆ. ಒಂದೋ ಹಿಂದಕ್ಕೆ ಕುಂಡೆ ಊರಿ ಬೀಳುವುದು, ಇಲ್ಲವೇ ಮುಂದಕ್ಕೆ ಮೂಗು. ನಮ್ಮ ಚಾವಡಿಯ ಕೆಂಪು ನೆಲ ಗೊತ್ತಲ್ಲ, ಮಳೆಗಾಲದಲ್ಲಿ ಅದೇ ಬೆವರುತ್ತದೆ, ಮೇಲೆ ನನ್ನ ಅಂಗೈ ಬೆವರು ಬೇರೆ. ಅಮ್ಮ ಎದುರಿಗೊಂದು ತಲೆದಿಂಬು ತಂದಿಟ್ಟು, "ಮೂಗು ಜಜ್ಜಿಕೊಂಡರೆ ನಿನಗೆ ಹೆಣ್ಣು ಕೊಡುವವರು ಯಾರು?" ಎಂದಳು.

ಒಂದು ದಿನ ಕಾಲು ಎತ್ತುವ ಹಟ ಬಿಟ್ಟೆ. ಭುಜವನ್ನು ಮೆಲ್ಲ ಬೆರಳುಗಳಿಂದಲೂ ಮುಂದಕ್ಕೆ ಬಾಗಿಸುತ್ತಾ ಹೋದೆ. ಪಾದ ತಾನಾಗಿಯೇ ಹಗುರಾಯಿತು. ಮೊದಲು ಬಲಗಾಲಿನ ಹೆಬ್ಬೆರಳು ಬಿಟ್ಟಿತು, ಆಮೇಲೆ ಎಡದ್ದು. ಒಂದು ಮೊಳ ಮುಂದೆ ನೆಲದಲ್ಲೊಂದು ಬಿರುಕು ಇದೆ, ಕಣ್ಣು ಅಲ್ಲೇ. ಕಾಲು ಎದ್ದಿತೋ ಎಂದು ಕೆಳಗೆ ನೋಡಿದೆಯೋ, ಮುಗೀತು, ಪಲ್ಟಿ. ಮುಂದಕ್ಕೆ ವಾಲಿದರೆ ಬೆರಳ ತುದಿ ಒತ್ತಬೇಕು, ಉಗುರಿನ ಅಂಚು ಬೆಳ್ಳಗಾಗುವಷ್ಟು. ಹಿಂದಕ್ಕೆ ಜಾರಿದರೆ ಅಂಗೈಯ ಬುಡ ಒತ್ತಬೇಕು. ಮಲ್ಪೆ ದೋಣಿಗೆ ಚುಕ್ಕಾಣಿ ಇದ್ದ ಹಾಗೆ ಇದಕ್ಕೆ ಬೆರಳು.

ಹೀಗೆ ನಿಲ್ಲುವ ಲೆಕ್ಕ ಒಟ್ಟು 60 ಸೆಕೆಂಡಿನದ್ದು. ಶುರುವಿಗೆ 5 ಸೆಕೆಂಡಿನಂತೆ 12 ಸಲ, ಆಮೇಲೆ 10ರಂತೆ 6 ಸಲ. ಈಗ ಒಂದೇ ಉಸಿರಿಗೆ 35 ಆಗುತ್ತದೆ. ಒಂದೇ ಉಸಿರಿಗೆ ಅಂದದ್ದು ಮಾತಿಗೆ, ಉಸಿರು ಕಟ್ಟಬಾರದು! ಜಂಬ ಬಂದಾಗ ಜಿಮ್ನಾಸ್ಟಿಕ್ಸ್‌ನವರ ರಿಂಗ್ಸ್ ಸ್ಪರ್ಧೆ ನೆನಪು ಮಾಡಿಕೊಳ್ಳುತ್ತೇನೆ. ಅಲ್ಲಿ ಒಂದು ಹಿಡಿತಕ್ಕೆ 2 ಸೆಕೆಂಡ್ ಸಾಕು. ಆದರೆ ಅದು ಅಲ್ಲಾಡುವ ಬಳೆ ಹಿಡಿದು, ಎರಡೂ ಕೈ ಅಡ್ಡ ಚಾಚಿ.

ಇನ್ನು ನನ್ನ ಪೆದ್ದುತನ. 30 ದಾಟಿದ ಖುಷಿಯಲ್ಲಿ ಮರುದಿನವೇ ಮೊಣಕೈ ನೆಟ್ಟಗೆ ಮಾಡಿ ನಿಲ್ಲಲು ಹೋದೆ. ಮಣಿಕಟ್ಟು ಹಿಡಿಯಿತು. ಎರಡು ವಾರ ತೆಂಗಿನಕಾಯಿ ತುರಿಯಲಿಕ್ಕೂ ಆಗಲಿಲ್ಲ. ಜಿಮ್ಮಿನಲ್ಲಿ ಒಬ್ಬರು "ನೋವಾದರೆ ಒಳ್ಳೇದೇ" ಎಂದರು. ನನಗೆ ಅದು ಶುದ್ಧ ಬೊಗಳೆ ಅನಿಸುತ್ತದೆ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಕಟ್ಟುವ ನಾರಿಗೆ ರಕ್ತದ ಓಡಾಟ ಕಡಿಮೆ, ಅದು ನಿಧಾನ. ತೋಳು ರೆಡಿ ಎಂದರೂ ಮಣಿಕಟ್ಟನ್ನು ಕೇಳಬೇಕು. ಈಗ ದಿನಾ ಮೊದಲು 5 ನಿಮಿಷ ಅಂಬೆಗಾಲಲ್ಲಿ ನಿಂತು, ಬೆರಳು ಮುಂದೆ, ಪಕ್ಕಕ್ಕೆ, ಮತ್ತೆ ಮೊಣಕಾಲ ಕಡೆಗೆ ಮಾಡಿ ಮೆಲ್ಲ ತೂಗುತ್ತೇನೆ.

ಎಲ್-ಸಿಟ್ ಕೂಡ ಶುರು ಮಾಡಿದ್ದೇನೆ. ಕಾಲು ಮುಂದೆ ಚಾಚಿ ಕೈ ಬಲದಲ್ಲೇ ಕುಂಡೆ ಎತ್ತುವುದು. ಬರಿ ನೆಲದಲ್ಲಿ ಏಳುವುದೇ ಇಲ್ಲ, ಅದಕ್ಕೆ ಎರಡು ಪಕ್ಕಕ್ಕೂ ಊಟದ ಮಣೆ ಇಟ್ಟು ಅದರ ಮೇಲೆ ಕೈ ಊರುತ್ತೇನೆ. ಭುಜ ಕಿವಿಯಿಂದ ದೂರ ತಳ್ಳಬೇಕು. ಸದ್ಯಕ್ಕೆ ಮೊಣಕಾಲು ಎದೆಗೆ ಮಡಚಿ 12 ಸೆಕೆಂಡ್. ಒಂದು ಕಾಲು ಚಾಚಿದರೆ ತೊಡೆ ಹಿಡಿಯುತ್ತದೆ. ಅಜ್ಜನ ತಿಥಿಯ ದಿನ ಎರಡು ಮಣೆ ಕಡಿಮೆ ಬಂದು ಮನೆಯೆಲ್ಲ ಹುಡುಕಾಟ, ಅವು ನನ್ನ ಮಂಚದಡಿ ಇದ್ದವು.

ಅಷ್ಟಮಿಗೆ ಬಾ. ಮರುದಿನ ವಿಟ್ಲಪಿಂಡಿಯ ಮೊಸರು ಕುಡಿಕೆ ನೋಡಿ ಸಂಜೆ ಮಲ್ಪೆಗೆ ಹೋಗುವ. ಮರಳಲ್ಲಿ ಬಿದ್ದರೆ ನೋವಾಗುವುದಿಲ್ಲ, ಆದರೆ ಕೈ ಹೂತು ಬ್ಯಾಲೆನ್ಸ್ ತಪ್ಪುತ್ತದೆ, ಮೊದಲೇ ಹೇಳಿದ್ದೇನೆ.

ಹಾಂ, ನಿನ್ನೆಯಿಂದ ಎದೆ ಗೋಡೆಗೆ ಮಾಡಿ ಕಾಲು ಮೇಲೆ ಹತ್ತಿಸುವುದನ್ನೂ ನೋಡುತ್ತಿದ್ದೇನೆ. ತೇವದ ಗೋಡೆ, ಎರಡು ಪಾದದ ಗುರುತು ಸರಿಯಾಗಿ ಮೂಡಿದೆ. ಅಮ್ಮ ಇನ್ನೂ ನೋಡಿಲ್ಲ. ಫೋನ್ ಮಾಡಿದಾಗ ಹೇಳಬೇಡ.

ನಿನ್ನ,
ಕಪ್ಪೆ