ಹಬ್ಬಕ್ಕೆ ಮುಂಚಿನ ಮೂರು ವಾರ

ಆತ್ಮೀಯ ಸದಸ್ಯರೇ,

ಡಿಸೆಂಬರ್ ತಿಂಗಳ ಮೂರನೆಯ ವಾರ ಇಲ್ಲಿನ ಶಾಲೆಗಳಿಗೆ ರಜೆ ಸಿಕ್ಕೊಡನೆ ನಮ್ಮ ಸಂಘದ ಹಲವು ಕುಟುಂಬಗಳು ಮೈಸೂರು, ಮಂಡ್ಯದ ಕಡೆಗೆ ಹೊರಡುತ್ತವೆ. ಜನವರಿಯ ಮೊದಲ ವಾರದಲ್ಲಿಯೇ ಶಾಲೆ ಮತ್ತೆ ಆರಂಭವಾಗುವುದರಿಂದ, 14 ಅಥವಾ 15ರಂದು ಬರುವ ಸಂಕ್ರಾಂತಿಗೆ ಮುನ್ನವೇ ಎಲ್ಲರೂ ಹಿಂದಿರುಗಬೇಕಾಗುತ್ತದೆ. "ಇನ್ನೊಂದು ವಾರ ಇದ್ದಿದ್ದರೆ ಮಕ್ಕಳಿಗೆ ಹಬ್ಬ ಸಿಗುತ್ತಿತ್ತು" ಎಂಬ ಮಾತನ್ನು ಪ್ರತಿವರ್ಷವೂ ಕೇಳುತ್ತೇನೆ. ಆ ಕೊರಗು ಬೇಡ ಎಂದು ಹೇಳುವುದಕ್ಕಾಗಿಯೇ ಈ ಬಾರಿಯ ಸಂಪಾದಕೀಯವನ್ನು ಮೀಸಲಿಟ್ಟಿದ್ದೇನೆ. ಸಂಕ್ರಾಂತಿಯ ದಿನ ಮನೆಯಲ್ಲಿ ನಡೆಯುವುದು ಪೂಜೆ, ಊಟ ಮತ್ತು ಸಂಜೆ ಎಳ್ಳು ಬೀರುವ ಓಡಾಟ. ಅದಕ್ಕೆ ಹಿಂದಿನ ಮೂರು ವಾರಗಳಲ್ಲಿ ನಡೆಯುವುದು ಸುಲಿಯುವ, ಹೆಚ್ಚುವ, ಹುರಿಯುವ, ಅಚ್ಚು ಹೊಯ್ಯುವ ಕೆಲಸ. ಮಕ್ಕಳಿಗೆ ಹೆಚ್ಚು ಖುಷಿ ಕೊಡುವುದು ಈ ಕೆಲಸವೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ನಮ್ಮ ರಜೆ ಸರಿಯಾಗಿ ಆ ವಾರಗಳಲ್ಲಿಯೇ ಬರುತ್ತದೆ.

ನಾವು ಊರು ತಲುಪುವ ಹೊತ್ತಿಗೆ ಧನುರ್ಮಾಸ ಆರಂಭವಾಗಿರುತ್ತದೆ. ಮದುವೆ, ಗೃಹಪ್ರವೇಶಗಳಿಲ್ಲದ ತಿಂಗಳಾದ್ದರಿಂದ ನೆಂಟರಿಷ್ಟರು ಛತ್ರದಿಂದ ಛತ್ರಕ್ಕೆ ಅಲೆಯದೆ ಮನೆಯಲ್ಲಿಯೇ ಸಿಗುತ್ತಾರೆ. ದೇವಸ್ಥಾನಗಳಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಪೂಜೆ ಮುಗಿದು ಬಿಸಿ ಹುಗ್ಗಿಯ ನೈವೇದ್ಯವಾಗಿರುತ್ತದೆ. ವಿಮಾನ ಇಳಿದ ಮೊದಲ ನಾಲ್ಕೈದು ದಿನ ನಮ್ಮ ಮಕ್ಕಳು ನಸುಕಿನ ಮೂರು ಗಂಟೆಗೇ ಕಣ್ಣು ಬಿಟ್ಟುಕೊಂಡು, ಏನು ಮಾಡುವುದೆಂದು ತಿಳಿಯದೆ ಅಜ್ಜಿ ತಾತಂದಿರ ನಿದ್ದೆ ಕೆಡಿಸುವುದು ಎಲ್ಲ ಮನೆಗಳಲ್ಲೂ ಇರುವ ಸಂಗತಿ. ಅವರನ್ನು ಮೊಬೈಲು ಕೊಟ್ಟು ಸುಮ್ಮನಿರಿಸುವ ಬದಲು ಸ್ವೆಟರ್ ತೊಡಿಸಿ, ಮಂಜು ಮುಸುಕಿದ ಬೀದಿಯಲ್ಲಿ ನಡೆಸಿಕೊಂಡು ಹತ್ತಿರದ ದೇವಸ್ಥಾನಕ್ಕೆ ಕರೆದೊಯ್ಯಿರಿ. ಮೆಣಸು, ಜೀರಿಗೆ, ತುಪ್ಪದ ಖಾರದ ಹುಗ್ಗಿಯನ್ನು ದೊನ್ನೆಯಲ್ಲಿ ಹಿಡಿದು ಊದಿಕೊಂಡು ತಿನ್ನುವುದಕ್ಕೆ ಆ ಚಳಿಯೂ ಬೇಕು, ಆ ಹೊತ್ತೂ ಬೇಕು. ಶ್ರೀರಂಗಪಟ್ಟಣದ ರಂಗನಾಥನ ಸನ್ನಿಧಿಗೋ ಮೇಲುಕೋಟೆಗೋ ಹೋಗಲು ಸಾಧ್ಯವಾದವರು ಮೇಲುಕೋಟೆಯ ಪುಳಿಯೋಗರೆಯನ್ನೂ ಬಿಡಬಾರದು.

ಈ ತಿಂಗಳಲ್ಲಿ ಊರಿನ ಅಡುಗೆಯೆಲ್ಲ ಅವರೆಕಾಯಿಯದೇ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆಂದು ರೈತರು ಹೇಳುತ್ತಾರೆ. ಒಳ್ಳೆಯ ಸೊಗಡಿನ ಕಾಯಿಯನ್ನು ಹಿಡಿದರೆ ಬೆರಳಿಗೆ ಅಂಟುವ ಜಿಡ್ಡು ಸೋಪು ಹಾಕಿ ತೊಳೆದರೂ ಬೇಗ ಬಿಡುವುದಿಲ್ಲ. ಜಗುಲಿಯ ಮೇಲೆ ಹಳೆಯ ಪೇಪರು ಹಾಸಿ, ನಡುವೆ ಕಾಯಿ ಸುರಿದು, ಸುತ್ತ ಮಕ್ಕಳನ್ನು ಕೂರಿಸಿದರೆ ಬೆಳಿಗ್ಗೆ ಕಳೆಯುವುದೇ ತಿಳಿಯುವುದಿಲ್ಲ. ಸಿಪ್ಪೆಯ ಒಳಗೆ ಹಸಿರು ಹುಳು ಸಿಕ್ಕಾಗ ಏಳುವ ಕೂಗಾಟವಂತೂ ಬೀದಿಗೇ ಕೇಳಿಸುತ್ತದೆ. ರಾತ್ರಿ ನೆನೆಸಿಟ್ಟ ಕಾಳನ್ನು ಮರುದಿನ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಎಂಟು ವರ್ಷದ ಮಗುವಿಗೂ ಹತ್ತು ನಿಮಿಷದಲ್ಲಿ ಈ ವಿದ್ಯೆ ಒಲಿಯುತ್ತದೆ, ಅಲ್ಲಿಂದಾಚೆಗೆ ಯಾರ ಬೇಳೆ ದೂರ ಹಾರುತ್ತದೆ ಎಂಬ ಪಂದ್ಯ ಶುರುವಾಗುತ್ತದೆ. ಹಿತಕಿದ ಬೇಳೆಯ ಸಾರು, ಮುದ್ದೆ, ಅಕ್ಕಿರೊಟ್ಟಿ, ಅವರೆಕಾಳಿನ ಉಪ್ಪಿಟ್ಟು, ಇವುಗಳನ್ನು ಇಲ್ಲಿ ಶೈತ್ಯೀಕರಿಸಿದ ಪೊಟ್ಟಣದ ಕಾಳಿನಿಂದಲೂ ಮಾಡಬಹುದು, ಮಾಡುತ್ತಲೂ ಇದ್ದೇವೆ. ಆದರೆ ಮಕ್ಕಳಿಗೆ ಆ ವಾಸನೆಯನ್ನು ಒಮ್ಮೆಯಾದರೂ ಬಳ್ಳಿಯಿಂದ ಕಿತ್ತ ಕಾಯಿಯಲ್ಲಿಯೇ ಪರಿಚಯಿಸಬೇಕು.

ಇನ್ನು ಸಕ್ಕರೆ ಅಚ್ಚು. ಅಂಗಡಿಯಲ್ಲಿ ಕೊಳ್ಳುವುದು ಸುಲಭವಾಗಿರುವುದರಿಂದ ಮನೆಗಳಲ್ಲಿ ಇದನ್ನು ಮಾಡುವವರು ಕಡಿಮೆಯಾಗುತ್ತಿದ್ದಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ವಿಷಯ. ನಿಮ್ಮ ಅತ್ತೆಯೋ ದೊಡ್ಡಮ್ಮನೋ ಇಂದಿಗೂ ಅಚ್ಚು ಹೊಯ್ಯುವವರಾದರೆ, ನೀವು ಊರಿನಲ್ಲಿರುವಾಗಲೇ ಆ ಕೆಲಸ ಇಟ್ಟುಕೊಳ್ಳುವಂತೆ ಈಗಲೇ ಫೋನು ಮಾಡಿ ಕೇಳಿಕೊಳ್ಳಿರಿ. ಮರದ ಅಚ್ಚುಗಳನ್ನು ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಸಿ, ಎರಡು ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ ಇಟ್ಟುಕೊಳ್ಳಬೇಕು. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಸ್ವಲ್ಪ ಹಾಲು ಸೇರಿಸಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಶೋಧಿಸಿ, ಮತ್ತೊಮ್ಮೆ ಹಾಗೆಯೇ ಮಾಡಿದರೆ ಪಾಕ ತಿಳಿಯಾಗುತ್ತದೆ. ಆಮೇಲೆ ಆ ಪಾಕವನ್ನು ಸಣ್ಣ ಪಾತ್ರೆಯಲ್ಲಿ ಒಂದೊಂದು ಸೌಟಿನಷ್ಟೇ ಹಾಕಿಕೊಂಡು ಕಾಯಿಸಿ, ಕೈ ಬಿಡದೆ ತಿರುವುತ್ತಿರಬೇಕು. ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಮರಳು ಕಟ್ಟಲು ತೊಡಗಿದ ಆ ಕ್ಷಣದಲ್ಲಿಯೇ ಅಚ್ಚಿಗೆ ಹೊಯ್ಯಬೇಕು. ತುಸು ಮೊದಲಾದರೆ ಅಂಟಿಕೊಂಡು ಬಿಡುವುದಿಲ್ಲ, ತುಸು ತಡವಾದರೆ ಪಾತ್ರೆಯಲ್ಲಿಯೇ ಗಟ್ಟಿಯಾಗಿ ಕೂರುತ್ತದೆ. ಬಿಸಿ ಪಾಕದ ಹತ್ತಿರ ಮಕ್ಕಳನ್ನು ಬಿಡುವಂತಿಲ್ಲ, ನಿಜ. ಆದರೆ ಕೆಲವು ನಿಮಿಷಗಳ ಬಳಿಕ ದಾರ ಬಿಚ್ಚಿ, ಹೋಳುಗಳನ್ನು ಮೆಲ್ಲಗೆ ಬೇರ್ಪಡಿಸಿ, ಒಳಗಿರುವುದು ಆನೆಯೋ ಗಿಳಿಯೋ ತುಳಸಿಕಟ್ಟೆಯೋ ಎಂದು ನೋಡುವ ಕೆಲಸವನ್ನು ಅವರಿಗೇ ಬಿಟ್ಟುಕೊಡಿ. ಸೊಂಡಿಲು ಮುರಿದ ಆನೆ ಮತ್ತು ಕೊಕ್ಕಿಲ್ಲದ ಗಿಳಿ ಅಲ್ಲಿಯೇ ಅವರ ಬಾಯಿಗೆ ಸೇರುತ್ತವೆ.

ಎಳ್ಳಿನ ಕೆಲಸದಲ್ಲಿ ಇಂತಹ ಅಪಾಯವಿಲ್ಲ, ತಾಳ್ಮೆ ಮಾತ್ರ ಬೇಕು. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು ತೆಗೆದು ಸಣ್ಣಗೆ ಹೆಚ್ಚುವುದು, ಅಚ್ಚುಬೆಲ್ಲವನ್ನು ಅದೇ ಗಾತ್ರಕ್ಕೆ ಕತ್ತರಿಸುವುದು, ಎರಡನ್ನೂ ತಾರಸಿಯ ಬಿಸಿಲಿಗೆ ಹರಡಿ ಕಾಗೆಗಳಿಂದ ಕಾಯುವುದು, ಹುರಿದ ಕಡಲೆಕಾಯಿಬೀಜವನ್ನು ಉಜ್ಜಿ ಹೊಟ್ಟು ಊದಿ ಬೇಳೆ ಮಾಡುವುದು, ಬಿಳಿ ಎಳ್ಳನ್ನು ಸೀಯದಂತೆ ಹುರಿದು ಆರಿಸುವುದು, ಕೊನೆಗೆ ಹುರಿಗಡಲೆಯೊಂದಿಗೆ ಎಲ್ಲವನ್ನೂ ಬೆರೆಸುವುದು. ಬೆಲ್ಲ ಚೆನ್ನಾಗಿ ಒಣಗದಿದ್ದರೆ ಇಡೀ ಡಬ್ಬಿ ಅಂಟಾಗುತ್ತದೆ ಎಂಬುದನ್ನು ಹಿರಿಯರು ಒತ್ತಿ ಹೇಳುವುದು ಸುಮ್ಮನಲ್ಲ. ಚಿಕ್ಕಮಕ್ಕಳಿರುವ ಮನೆಗಳಲ್ಲಿ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲೆ ಎರೆದು ಆರತಿ ಮಾಡುವ ಶಾಸ್ತ್ರವನ್ನು ಸಂಕ್ರಾಂತಿಯಂದು ಇಲ್ಲಿಯೇ ಮಾಡಬಹುದು. ಎಲಚಿಹಣ್ಣು ಸಿಗದ ಕಡೆ ಇರುವುದರಲ್ಲಿಯೇ ಹೊಂದಿಸಿಕೊಂಡರೆ ಯಾವ ದೋಷವೂ ಇಲ್ಲವೆಂದು ನಾನು ನಂಬಿದ್ದೇನೆ.

ಆ ಬೆಲ್ಲ ಎಲ್ಲಿಂದ ಬರುತ್ತದೆ ಎಂಬುದನ್ನು ಮಕ್ಕಳು ನೋಡಬೇಕಾದರೆ ಮಂಡ್ಯದ ಕಡೆಯ ಆಲೆಮನೆಗೆ ಒಂದು ದಿನ ಮೀಸಲಿಡಿ. 1911ರಲ್ಲಿ ನಿರ್ಮಾಣ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಕಾಲುವೆಯಲ್ಲಿ ಹರಿದು ಬಂದ ಮೇಲೆ ಈ ನಾಡು ಕಬ್ಬಿನ ನಾಡಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆದರೂ ಆಲೆಮನೆಗಳು ಉಳಿದುಕೊಂಡಿವೆ. ಒಂದು ಟನ್ ಕಬ್ಬು ಅರೆದರೆ ಸಿಗುವ ಬೆಲ್ಲ ಸುಮಾರು 100 ಕಿಲೋ ಮಾತ್ರ. ಗಾಣದಿಂದ ಇಳಿದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಉಕ್ಕಿ, ನೊರೆ ತೆಗೆಸಿಕೊಂಡು, ಪಾಕವಾಗಿ, ಅಚ್ಚಿಗೆ ಇಳಿಯುವುದನ್ನು ನೋಡುತ್ತ ನಿಂತವರಿಗೆ ಆ ಲೆಕ್ಕ ಪುಸ್ತಕವಿಲ್ಲದೆಯೇ ಅರ್ಥವಾಗುತ್ತದೆ. ಅರೆದು ಒಣಗಿಸಿದ ಸಿಪ್ಪೆಯೇ ಒಲೆಗೆ ಉರುವಲು. ಮೊದಲೇ ಕೇಳಿಕೊಂಡು ಹೋಗಿ, ಒಲೆಯ ಬಳಿ ಮಕ್ಕಳ ಕೈ ಬಿಡಬೇಡಿ, ಮತ್ತು ಬೆಲ್ಲ ಕೊಳ್ಳುವಾಗ ಕಣ್ಣಿಗೆ ಹೊಳೆಯುವ ಹಳದಿ ಬೆಲ್ಲಕ್ಕಿಂತ ಕಂದು ಬಣ್ಣದ್ದನ್ನು ಕೇಳಿ ತೆಗೆದುಕೊಳ್ಳಿ. ಆ ಹೊಳಪು ಅನೇಕ ಸಲ ರಾಸಾಯನಿಕದಿಂದ ಬಂದದ್ದು.

ಮೈಸೂರು ನಗರದೊಳಗೆ ಸಂಭ್ರಮಕ್ಕೆ ಕೊರತೆಯಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಚರ್ಚಿನಲ್ಲಿ ಕ್ರಿಸ್‌ಮಸ್ ಗೋದಲಿಯನ್ನು ನೋಡಲು ಎಲ್ಲ ಧರ್ಮದವರೂ ಸಾಲುಗಟ್ಟಿ ನಿಲ್ಲುತ್ತಾರೆ, ಅರಮನೆಯ ಅಂಗಳದಲ್ಲಿ ಮಾಗಿ ಉತ್ಸವದ ಫಲಪುಷ್ಪ ಪ್ರದರ್ಶನವಿರುತ್ತದೆ, ಹೊಸ ವರ್ಷದ ದಿನ ವಿಜಯನಗರದ ಯೋಗಾನರಸಿಂಹ ಸ್ವಾಮಿ ದೇವಸ್ಥಾನದಲ್ಲಿ ಬಂದವರಿಗೆಲ್ಲ ಲಡ್ಡು ಹಂಚುತ್ತಾರೆ. ಇವೆಲ್ಲ ನಿಮಗೆ ತಿಳಿದಿರುವುದೇ.

ಒಂದನ್ನು ಮಾತ್ರ ನಾವು ಕಳೆದುಕೊಳ್ಳುತ್ತೇವೆ, ಅದನ್ನು ಒಪ್ಪಿಕೊಳ್ಳಲೇಬೇಕು. ಸಂಕ್ರಾಂತಿಯ ಸಂಜೆ ಮೈಸೂರಿನ ಹತ್ತಿರದ ಸಿದ್ದಲಿಂಗಪುರದಲ್ಲಿಯೂ ಮಂಡ್ಯದ ಊರೂರುಗಳಲ್ಲಿಯೂ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂವು ಕಟ್ಟಿದ ದನಗಳನ್ನು ಉರಿಯುವ ಹುಲ್ಲಿನ ಮೇಲೆ ಕಿಚ್ಚು ಹಾಯಿಸುವುದನ್ನು ದೂರದಲ್ಲಿ ಕುಳಿತು ಪರದೆಯ ಮೇಲಷ್ಟೇ ನೋಡಬೇಕು. ಅದಕ್ಕೆ ಬದಲಿಯಾಗಿ ಇಲ್ಲಿ ಮಾಡಬಹುದಾದದ್ದು ಏನೂ ಇಲ್ಲ.

ಉಳಿದದ್ದನ್ನೆಲ್ಲ ಮಾಡಬಹುದು. ಇಷ್ಟು ವರ್ಷ ನಮ್ಮ ಸಂಘದ ಸಂಕ್ರಾಂತಿ ಕೂಟದಲ್ಲಿ ಸಿದ್ಧ ಎಳ್ಳಿನ ಪೊಟ್ಟಣಗಳನ್ನು ತರಿಸಿ ಬಾಗಿಲಲ್ಲಿ ಹಂಚುತ್ತಿದ್ದೆವು. ಈ ಸಲ ಅದನ್ನು ನಿಲ್ಲಿಸೋಣ ಎಂದು ಕಾರ್ಯಕಾರಿ ಸಮಿತಿಯ ಮುಂದೆ ಇಟ್ಟ ಸಲಹೆಗೆ ಎಲ್ಲರೂ ಒಪ್ಪಿದ್ದಾರೆ. ಕೂಟದ ಹಿಂದಿನ ದಿನ ಮಧ್ಯಾಹ್ನ ಸಭಾಂಗಣದಲ್ಲಿ ಉದ್ದನೆಯ ಮೇಜುಗಳನ್ನು ಹಾಕಿ, ಬೆಲ್ಲ ಮತ್ತು ಕೊಬ್ಬರಿ ಕತ್ತರಿಸಲು ದೊಡ್ಡವರನ್ನೂ, ಕಡಲೆಬೀಜ ಉಜ್ಜಿ ಬೆರೆಸಿ ಪೊಟ್ಟಣ ಕಟ್ಟಲು ಮಕ್ಕಳನ್ನೂ ಕೂರಿಸುತ್ತೇವೆ. ಇಲ್ಲಿ ಬಿಸಿಲಿಲ್ಲದಿರುವುದರಿಂದ ಹೆಚ್ಚಿದ ಬೆಲ್ಲವನ್ನು ಎರಡು ದಿನ ಮೊದಲೇ ಹೀಟರಿನ ಹತ್ತಿರ ತಟ್ಟೆಯಲ್ಲಿ ಹರಡಿ ಒಣಗಿಸಿ ತರಲು ಕೆಲವು ಮನೆಗಳವರು ಮುಂದೆ ಬಂದಿದ್ದಾರೆ. ಊರಿಗೆ ಹೋಗುತ್ತಿರುವವರಲ್ಲಿ ಒಂದು ಕೋರಿಕೆ: ಮನೆಯ ಅಟ್ಟದಲ್ಲಿ ಬಳಸದೆ ಇಟ್ಟಿರುವ ಮರದ ಅಚ್ಚುಗಳಿದ್ದರೆ ಹಿರಿಯರನ್ನು ಕೇಳಿ ತನ್ನಿರಿ, ಇಲ್ಲದಿದ್ದರೆ ಮೈಸೂರಿನ ಪೇಟೆಯಲ್ಲಿ ವಿಚಾರಿಸಿ ಒಂದೆರಡು ಜೊತೆ ಕೊಂಡು ತನ್ನಿರಿ, ಖರ್ಚನ್ನು ಸಂಘ ಭರಿಸುತ್ತದೆ. ಒಣ ಕೊಬ್ಬರಿಯನ್ನು ಮಾತ್ರ ಸೂಟ್‌ಕೇಸಿನಲ್ಲಿ ಇಡಬೇಡಿ. ಎಣ್ಣೆಯ ಅಂಶ ಹೆಚ್ಚಿರುವ ಅದನ್ನು ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಗೆ ಸೇರಿಸಿರುವುದರಿಂದ ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ. ಕೊಬ್ಬರಿಯನ್ನು ಇಲ್ಲಿಯ ಅಂಗಡಿಯಿಂದಲೇ ತರಿಸುತ್ತೇವೆ. ಅಚ್ಚುಗಳನ್ನು ತರುವವರು ಜನವರಿ 10ರೊಳಗೆ ಕಾರ್ಯದರ್ಶಿಯವರಿಗೆ ತಿಳಿಸಿದರೆ, ಅವುಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಲು ಅನುಕೂಲವಾಗುತ್ತದೆ.

ಸಂಪಾದಕರು